ಗಡ್ಡೆ ರೋಗಕ್ಕೆ ತಳಿಯೋ, ಲಸಿಕೆಯೋ, ಹ್ಯಾಚರಿಯೋ? ಮೊಟ್ಟೆಕೋಳಿ ಸಾಕುವವರಿಗೊಂದು ಹೋಲಿಕೆ

ಮರಿ ಕೊಳ್ಳಲು ಹೋದಲ್ಲೆಲ್ಲ ಕಿವಿಗೆ ಬೀಳುವ ಮಾತು: ‘ಇದು ರೋಗ ತಡ್ಕೊಳ್ಳೋ ತಳಿ ಸಾರ್’. ಮಾತು ಪೂರ್ತಿ ಸುಳ್ಳಲ್ಲ. ಕೋಳಿಗಳಿಗೆ ಹುಟ್ಟಿನಿಂದಲೇ ಬರುವ ನಿರೋಧಕ ಗುಣವನ್ನು ವಿಜ್ಞಾನಿಗಳು 1930ರ ದಶಕದಿಂದಲೂ ಅಳೆಯುತ್ತ ಬಂದಿದ್ದಾರೆ. ಆದರೆ ಗಡ್ಡೆ ಎಬ್ಬಿಸುವ ವೈರಾಣುಗಳ ಮಟ್ಟಿಗೆ ಈ ಗುಣದಲ್ಲಿ ಎರಡು ಬಗೆ ಇದೆ. ಒಂದರಲ್ಲಿ ವೈರಾಣು ಮೈಗೆ ಹೊಕ್ಕರೂ ಗಡ್ಡೆ ಆಗುವುದಿಲ್ಲ. ಇನ್ನೊಂದರಲ್ಲಿ ವೈರಾಣುವಿಗೆ ಜೀವಕೋಶದ ಒಳಗೆ ಹೋಗಲು ದಾರಿಯೇ ಸಿಗುವುದಿಲ್ಲ. ಯಾವ ರೋಗಕ್ಕೆ ಯಾವ ಬಗೆ ಎಂದು ತಿಳಿದುಕೊಂಡರೆ, ದುಡ್ಡನ್ನು ತಳಿಗೆ ಹಾಕಬೇಕೋ, ಲಸಿಕೆಗೋ, ಮರಿ ತರುವ ಜಾಗಕ್ಕೋ ಎಂಬ ಗೊಂದಲ ಮುಕ್ಕಾಲು ಪಾಲು ಕಳೆಯುತ್ತದೆ.

ನೂರರಿಂದ ಒಂದೆರಡು ಸಾವಿರದವರೆಗೆ ಮೊಟ್ಟೆಕೋಳಿ, ಗಿರಿರಾಜ, ನಾಟಿ ಸಾಕುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಐದಾರು ವಾರಕ್ಕೆ ಬ್ರಾಯ್ಲರ್ ಮಾರಿಬಿಡುವವರಿಗೆ ಈ ರೋಗಗಳು ಕಾಣಿಸಿಕೊಳ್ಳುವ ಹೊತ್ತಿಗೆ ಶೆಡ್ ಖಾಲಿಯಾಗಿರುತ್ತದೆ.

ಮೊದಲು ರೋಗ ಯಾವುದು ಅಂತ ಗೊತ್ತಾಗಬೇಕು

ಕೋಳಿಗಳಲ್ಲಿ ಗಡ್ಡೆ ತರುವ ಮುಖ್ಯ ವೈರಾಣುಗಳು ಎರಡು ಕುಲದವು. ಒಂದು ಮ್ಯಾರೆಕ್ಸ್ ರೋಗದ್ದು, ಹರ್ಪಿಸ್ ಕುಲಕ್ಕೆ ಸೇರಿದ್ದು. ಹಂಗೇರಿಯ ಪಶುವೈದ್ಯ ಯೋಜೆಫ್ ಮರೆಕ್ 1907ರಲ್ಲಿ ಕಾಲು ಬಿದ್ದ (ಲಕ್ವ ಹೊಡೆದ) ನಾಲ್ಕು ಹುಂಜಗಳನ್ನು ನೋಡಿ ಈ ರೋಗವನ್ನು ಮೊದಲು ವಿವರಿಸಿದರು. ವೈರಾಣು ಕೈಗೆ ಸಿಕ್ಕಿದ್ದು ಮಾತ್ರ 1967ರಲ್ಲಿ, ಇಂಗ್ಲೆಂಡಿನಲ್ಲಿ. ಇನ್ನೊಂದು ಲ್ಯೂಕೋಸಿಸ್ ವೈರಾಣು, ರೆಟ್ರೊವೈರಾಣು ಕುಲದ್ದು. ಕೋಶಗಳನ್ನೆಲ್ಲ ಸೋಸಿ ತೆಗೆದ ದ್ರವದಿಂದಲೂ ಈ ರೋಗ ಒಂದು ಕೋಳಿಯಿಂದ ಮತ್ತೊಂದಕ್ಕೆ ದಾಟುತ್ತದೆ ಎಂದು ಕೋಪನ್‌ಹೇಗನ್‌ನಲ್ಲಿ ಎಲರ್ಮನ್ ಮತ್ತು ಬಾಂಗ್ 1908ರಲ್ಲಿ ತೋರಿಸಿದರು. ಇದೇ ಕುಲದ ಇನ್ನೊಂದು ವೈರಾಣುವನ್ನು 1911ರಲ್ಲಿ ವರದಿ ಮಾಡಿದ ಪೇಟನ್ ರೌಸ್ ಅವರಿಗೆ ನೊಬೆಲ್ ಬಂದದ್ದು 1966ರಲ್ಲಿ, ಐವತ್ತು ವರ್ಷ ದಾಟಿದ ಮೇಲೆ.

ಹರಡುವ ದಾರಿಯಲ್ಲಿ ಎರಡಕ್ಕೂ ಅಜಗಜಾಂತರ, ಮತ್ತು ನಿಮ್ಮ ಆಯ್ಕೆಯೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಮ್ಯಾರೆಕ್ಸ್ ವೈರಾಣು ಗರಿಯ ಬುಡದಲ್ಲಿ ಬಲಿತು, ಉದುರುವ ಚರ್ಮದ ಹೊಟ್ಟಿನ ಜೊತೆ ಧೂಳಿಗೆ ಸೇರುತ್ತದೆ. ಆ ಧೂಳು ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಸೋಂಕು ಉಳಿಸಿಕೊಂಡಿರುತ್ತದೆ. ಮೊಟ್ಟೆಯ ಒಳಗಿಂದ ಮರಿಗೆ ಬರುವುದಿಲ್ಲ. ಲ್ಯೂಕೋಸಿಸ್ ತದ್ವಿರುದ್ಧ. ತಾಯಿ ಕೋಳಿಯಿಂದ ಮೊಟ್ಟೆಯ ಬಿಳಿಲೋಳೆಯ ಮೂಲಕ ಮರಿಗೆ ಇಳಿಯುವುದೇ ಅದರ ಮುಖ್ಯ ದಾರಿ. ಹಾಗೆ ಹುಟ್ಟಿದ ಮರಿಯ ಮೈ ವೈರಾಣುವನ್ನು ಪರಕೀಯ ಎಂದು ಗುರುತಿಸುವುದೇ ಇಲ್ಲ. ಜೀವನಪೂರ್ತಿ ಅದನ್ನು ಹೊತ್ತು, ಜೊತೆಯ ಮರಿಗಳಿಗೂ ಅಂಟಿಸುತ್ತದೆ.

ಹೊರಗಿನಿಂದ ಗುರುತಿಸುವುದು ಹೀಗೆ. ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಚಾಚಿ ಮಲಗಿದ ಎಳೆ ಕೋಳಿ, ಬೂದು ಬಣ್ಣಕ್ಕೆ ತಿರುಗಿದ ಕಣ್ಣು, ಗರಿಯ ಬುಡದಲ್ಲಿ ಗಂಟುಗಳು ಕಂಡರೆ ಮ್ಯಾರೆಕ್ಸ್ ಎಂದು ಅನುಮಾನಿಸಿ. ಕತ್ತು ತಿರುಚಿಕೊಂಡು ಹಸಿರು ಭೇದಿ ಮಾಡುವುದನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ, ಅದು ಹೆಚ್ಚಾಗಿ ಕೊಕ್ಕರೆ ರೋಗ (ರಾಣಿಖೇತ್). ಸತ್ತ ಕೋಳಿಯನ್ನು ವೈದ್ಯರು ಕೊಯ್ದಾಗ ತೊಡೆಯ ನರ ಒಂದು ಬದಿ ದಪ್ಪಗಾಗಿ ಮಾಸಲು ಬಣ್ಣಕ್ಕೆ ತಿರುಗಿದ್ದರೆ ಅನುಮಾನ ಬಲವಾಗುತ್ತದೆ. ಲ್ಯೂಕೋಸಿಸ್‌ನಲ್ಲಿ ನರ ಕೆಡುವುದಿಲ್ಲ. ಕೋಳಿ ಸುಮಾರು 16 ವಾರ ದಾಟಿ ಮೊಟ್ಟೆಗೆ ಬರುವ ಹೊತ್ತಿನಲ್ಲಿ ಜುಟ್ಟು ಬಿಳಿಚಿ, ಸೊರಗಿ, ಒಂದೊಂದಾಗಿ ಸಾಯುತ್ತವೆ. ಕೊಯ್ದರೆ ಲಿವರ್ ಹೊಟ್ಟೆ ತುಂಬುವಷ್ಟು ಊದಿರುತ್ತದೆ, ಗುದದ್ವಾರದ ಮೇಲಿರುವ ಬರ್ಸಾ ಎಂಬ ಚೀಲದಲ್ಲೇ ಗಡ್ಡೆ ಇರುತ್ತದೆ. ಇಷ್ಟರಿಂದಲೇ ತೀರ್ಮಾನಕ್ಕೆ ಬರಲಾಗದು. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಯಾವುದು ಹತ್ತಿರವೋ ಅಲ್ಲಿಗೆ, ಸಾಧ್ಯವಾದರೆ ಕಾಯಿಲೆ ಬಿದ್ದ ಜೀವಂತ ಕೋಳಿಯನ್ನೇ ಒಯ್ಯಿರಿ. ಕೊಳೆತ ಹೆಣದಿಂದ ಯಾರೂ ಏನನ್ನೂ ಹೇಳಲಾರರು.

ಮ್ಯಾರೆಕ್ಸ್: ತಳಿ ಮತ್ತು ಲಸಿಕೆ

ತಳಿಯ ಗುಣ ನಿಜ ಎಂಬುದಕ್ಕೆ ಪುರಾವೆ ಬೇಕಾದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೆಲಸ ನೋಡಬೇಕು. ಅಲ್ಲಿ ಫ್ರೆಡರಿಕ್ ಹಟ್ 1930ರ ದಶಕದಲ್ಲಿ ಬಿಳಿ ಲೆಗ್‌ಹಾರ್ನ್ ಕೋಳಿಗಳನ್ನು ರೋಗಕ್ಕೆ ಒಡ್ಡಿ, ಯಾವ ಕುಟುಂಬದಲ್ಲಿ ಸಾವು ಕಡಿಮೆಯೋ ಅದರಿಂದಲೇ ಮುಂದಿನ ಪೀಳಿಗೆ ಮಾಡುತ್ತ ಹೋದರು. ಆಗಿನ್ನೂ ಮ್ಯಾರೆಕ್ಸ್ ಮತ್ತು ಲ್ಯೂಕೋಸಿಸ್ ಬೇರೆ ಬೇರೆ ರೋಗ ಎಂಬುದೇ ಖಚಿತವಾಗಿರಲಿಲ್ಲ. 1960ರ ದಶಕದಲ್ಲಿ ಅದೇ ಕಾರ್ನೆಲ್‌ನ ರ‍್ಯಾಂಡಲ್ ಕೋಲ್ ಒಂದೇ ಮೂಲದ ಹಿಂಡನ್ನು ಎರಡಾಗಿ ಒಡೆದು, ಎನ್ ಎಂಬ ಗಟ್ಟಿ ಸಾಲನ್ನೂ (ಒಳತಳಿಯನ್ನೂ) ಪಿ ಎಂಬ ಸುಲಭವಾಗಿ ರೋಗಕ್ಕೆ ತುತ್ತಾಗುವ ಸಾಲನ್ನೂ ಕೆಲವೇ ಪೀಳಿಗೆಗಳಲ್ಲಿ ಬೇರ್ಪಡಿಸಿದರು. ಆಮೇಲೆ ರಕ್ತದ ಗುಂಪು ನೋಡಿದಾಗ ಎನ್ ಸಾಲಿನಲ್ಲಿ ಬಿ21 ಎಂಬ ಗುರುತೂ ಪಿ ಸಾಲಿನಲ್ಲಿ ಬಿ19 ಎಂಬ ಗುರುತೂ ಸಿಕ್ಕವು.

ಈ ‘ಬಿ’ ಎಂಬುದು ಕೋಳಿಯ 16ನೇ ವರ್ಣತಂತುವಿನ ಮೇಲಿರುವ ಜೀನ್‌ಗಳ ಒಂದು ಗೊಂಚಲು. ಸೋಂಕು ತಗುಲಿದ ಕೋಶದೊಳಗಿನ ವೈರಾಣುವಿನ ತುಣುಕುಗಳನ್ನು ಕೋಶದ ಹೊರಮೈಗೆ ತಂದು ರೋಗ ನಿರೋಧಕ ಕಣಗಳಿಗೆ ತೋರಿಸುವುದು ಇದರ ಕೆಲಸ. ಮನುಷ್ಯರಲ್ಲಿ ಈ ಗೊಂಚಲು ದೊಡ್ಡದು. ಒಂದು ಜೀನ್ ಸೋತರೆ ಇನ್ನೊಂದು ನಿಭಾಯಿಸುತ್ತದೆ. ಕೋಳಿಯಲ್ಲಿ ಅದು ತೀರಾ ಚಿಕ್ಕದು. ಹಾಗಾಗಿ ಕೋಳಿಗೆ ಯಾವ ಬಗೆಯ ಬಿ ಬಂದಿದೆ ಎನ್ನುವುದೇ ಎಷ್ಟೋ ಸಲ ಸಾವು ಬದುಕನ್ನು ತೀರ್ಮಾನಿಸುತ್ತದೆ. ಬಿ21 ತರತರದ ತುಣುಕುಗಳನ್ನು ಹಿಡಿದು ತೋರಿಸಬಲ್ಲದು. ಮೊಟ್ಟೆಕೋಳಿಯ ತಳಿ ಕಂಪನಿಗಳು ಇದನ್ನು ನೋಡಿ ಆರಿಸುತ್ತ ಬಂದಿರುವುದು ಸುಮ್ಮನೆ ಅಲ್ಲ.

ಅಷ್ಟಕ್ಕೇ ಕಥೆ ಮುಗಿಯುವುದಿಲ್ಲ. ಮಿಷಿಗನ್‌ನ ಈಸ್ಟ್ ಲ್ಯಾನ್ಸಿಂಗ್‌ನ ಅಮೆರಿಕ ಸರ್ಕಾರದ ಕೋಳಿ ರೋಗ ಪ್ರಯೋಗಾಲಯದಲ್ಲಿ 6 ಮತ್ತು 7 ಎಂಬ ಎರಡು ಸಾಲುಗಳನ್ನು ಬೆಳೆಸಿದರು. ಎರಡರಲ್ಲೂ ಇರುವುದು ಒಂದೇ ಬಿ2. ಆದರೂ 6 ಮ್ಯಾರೆಕ್ಸ್ ತಡೆದುಕೊಳ್ಳುತ್ತದೆ, 7 ತಡೆದುಕೊಳ್ಳುವುದಿಲ್ಲ. ಅಂದರೆ ಬಿ ಗೊಂಚಲಿನ ಆಚೆಗೂ ಹಲವು ಜೀನ್‌ಗಳು ಚೂರುಚೂರಾಗಿ ಈ ಗುಣಕ್ಕೆ ಕೈಜೋಡಿಸುತ್ತವೆ. ಆದ್ದರಿಂದ ‘ಬಿ21 ಇದೆ’ ಎಂಬ ಒಂದೇ ಪರೀಕ್ಷಾ ಫಲಿತಾಂಶ ತೋರಿಸಿ ಮ್ಯಾರೆಕ್ಸ್ ಬರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಇಲ್ಲಿ ಮರೆಯಬಾರದ ಮಾತು ಒಂದಿದೆ. ಮ್ಯಾರೆಕ್ಸ್‌ಗೆ ಗಟ್ಟಿಯಾದ ತಳಿಗೂ ಸೋಂಕು ತಗಲುತ್ತದೆ. ಗಡ್ಡೆಯಾಗಿ ಸಾಯುವುದು ತಪ್ಪುತ್ತದೆ, ಅಷ್ಟೇ. ಗರಿಯ ಧೂಳಿನಲ್ಲಿ ವೈರಾಣು ಉದುರುತ್ತಲೇ ಇರುತ್ತದೆ. ಅಂಗಳದಲ್ಲಿ ಎರಡು ವರ್ಷದಿಂದ ಆರೋಗ್ಯವಾಗಿ ಓಡಾಡಿಕೊಂಡಿರುವ ನಾಟಿ ಹೇಂಟೆಗಳ ಪಕ್ಕದಲ್ಲೇ ಹೊಸ ಲೇಯರ್ (ಮೊಟ್ಟೆಕೋಳಿ) ಮರಿಗಳನ್ನು ಬಿಟ್ಟು, ಹನ್ನೆರಡನೇ ವಾರಕ್ಕೆ ಕಾಲು ಬೀಳತೊಡಗಿದಾಗ ‘ನಾಟಿಗೆ ಏನೂ ಆಗಿಲ್ಲ, ಮರಿಯಲ್ಲೇ ದೋಷ’ ಎನ್ನುವವರಿದ್ದಾರೆ. ಸೋಂಕು ಆ ಹೇಂಟೆಗಳಿಂದಲೇ ಬಂದಿರುವ ಸಾಧ್ಯತೆ ಹೆಚ್ಚು.

ನಾಟಿ ಅಥವಾ ಜವಾರಿ ಕೋಳಿಗೆ ಮ್ಯಾರೆಕ್ಸ್ ಬರುವುದೇ ಇಲ್ಲ ಎಂಬ ನಂಬಿಕೆಯೂ ತಪ್ಪು. ಊರ ಕೋಳಿಗಳಲ್ಲಿ ಬಿ ಬಗೆಗಳ ವೈವಿಧ್ಯ ಇರುವುದರಿಂದ ಇಡೀ ಹಿಂಡು ಒಟ್ಟಿಗೆ ಮಲಗುವುದು ಕಡಿಮೆ, ನಿಜ. ಆದರೆ ರೋಗ ಕಣ್ಣಿಗೆ ಬೀಳದಿರಲು ಬೇರೆ ಕಾರಣಗಳೂ ಇವೆ: ಕೋಳಿಗಳು ಚದುರಿ ಮೇಯುತ್ತವೆ, ಧೂಳು ಕಡಿಮೆ. ಎಷ್ಟೋ ಹುಂಜಗಳು ವಯಸ್ಸಾಗುವ ಮೊದಲೇ ಸಾರಾಗುತ್ತವೆ. ಉಳಿದವುಗಳಲ್ಲಿ ಎಷ್ಟೋ ಕೊಕ್ಕರೆ ರೋಗ, ಹದ್ದು, ನಾಯಿ ಪಾಲಾಗುತ್ತವೆ. ಒಂದೆರಡು ಸೊರಗಿ ಸತ್ತರೆ ಕೊಯ್ದು ನೋಡುವವರು ಯಾರೂ ಇಲ್ಲ. ಅದೇ ನಾಟಿಯನ್ನು ಐನೂರರ ಲೆಕ್ಕದಲ್ಲಿ ಒಂದು ಶೆಡ್ಡಿಗೆ ತುಂಬಿದಾಗ ರೋಗ ಕಣ್ಣಿಗೆ ಬೀಳುತ್ತದೆ.

ಇನ್ನು ಲಸಿಕೆ. ಟರ್ಕಿ ಕೋಳಿಯ ನಿರಪಾಯಕಾರಿ ಹರ್ಪಿಸ್ ವೈರಾಣುವಿನಿಂದ ಮಾಡಿದ ಎಚ್‌ವಿಟಿ ಲಸಿಕೆ 1970ರ ಸುಮಾರಿಗೆ ಬಂತು. ನೆದರ್ಲೆಂಡ್ಸ್‌ನಲ್ಲಿ ಸಿಕ್ಕ ರಿಸ್ಪೆನ್ಸ್ ಎಂಬ ವೈರಾಣು ತಳಿಯ ಲಸಿಕೆ ಅದಕ್ಕಿಂತ ಬಲವಾದದ್ದು. ಸರಿಯಾಗಿ ಹಾಕಿದರೆ ಗಡ್ಡೆಯಿಂದ ಸಾಯುವುದನ್ನು ಶೇ 90ಕ್ಕೂ ಹೆಚ್ಚು ತಗ್ಗಿಸುವ ಶಕ್ತಿ ಇವಕ್ಕಿದೆ. ಮರಿ ಮೊಟ್ಟೆಯೊಡೆದ ದಿನವೇ ಕತ್ತಿನ ಹಿಂಬದಿಯ ಚರ್ಮದಡಿ 0.2 ಮಿಲಿ ಲೀಟರ್ ಹಾಕುವುದು ರೂಢಿ. ರಿಸ್ಪೆನ್ಸ್‌ನಂಥ ಕೋಶ ಸಹಿತ ಲಸಿಕೆಗಳನ್ನು (ವೈರಾಣು ಜೀವಂತ ಕೋಶಗಳೊಳಗೇ ಇರುವಂಥವನ್ನು) ದ್ರವ ಸಾರಜನಕದಲ್ಲಿ, ಅಂದರೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಇಡಬೇಕು. ಎಚ್‌ವಿಟಿ ಒಣಪುಡಿಯಾಗಿಯೂ ಸಿಗುತ್ತದೆ. ಯಾವುದೇ ಆಗಲಿ, ಕಲಸಿದ ಮೇಲೆ ತಣ್ಣಗಿಟ್ಟುಕೊಂಡು ಒಂದು ಗಂಟೆಯೊಳಗೆ ಮುಗಿಸಬೇಕು.

ಲಸಿಕೆಯೂ ಸೋಂಕನ್ನು ತಡೆಯುವುದಿಲ್ಲ, ಗಡ್ಡೆಯನ್ನಷ್ಟೇ ತಡೆಯುತ್ತದೆ. ಇದರ ಪರಿಣಾಮ ಸಣ್ಣದಲ್ಲ. 2015ರಲ್ಲಿ ಆಂಡ್ರ್ಯೂ ರೀಡ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಅತ್ಯುಗ್ರ ತಳಿಯ ವೈರಾಣು ತಗುಲಿದಾಗ ಲಸಿಕೆ ಇಲ್ಲದ ಕೋಳಿಗಳು ವೈರಾಣುವನ್ನು ಹೆಚ್ಚು ಹರಡುವ ಮೊದಲೇ ಸತ್ತವು. ಲಸಿಕೆ ಪಡೆದವು ಬದುಕುಳಿದು ಅದನ್ನು ಹರಡುತ್ತ ಹೋದವು. ಕಳೆದ ಅರ್ಧ ಶತಮಾನದಲ್ಲಿ ಮ್ಯಾರೆಕ್ಸ್ ವೈರಾಣು ಹಂತಹಂತವಾಗಿ ಉಗ್ರವಾಗುತ್ತ ಬಂದಿದೆ. ಒಂದು ಲಸಿಕೆ ಸಾಲದೆ ಎರಡು, ಮೂರನ್ನು ಬೆರೆಸುವ ಸ್ಥಿತಿ ಬಂದಿದೆ. ತಳಿಯ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ: ಗಟ್ಟಿ ತಳಿಗೆ ಲಸಿಕೆ ಹಾಕಿದರೆ ಸಿಗುವ ರಕ್ಷಣೆ, ಎರಡರಲ್ಲಿ ಒಂದರಿಂದ ಸಿಗುವುದಕ್ಕಿಂತ ಹೆಚ್ಚು ಎಂದು 1970ರ ದಶಕದಿಂದಲೇ ಗೊತ್ತು. ಯಾವ ಬಿ ಬಗೆಗೆ ಯಾವ ಲಸಿಕೆ ಚೆನ್ನಾಗಿ ಹಿಡಿಯುತ್ತದೆ ಎಂಬುದರಲ್ಲೂ ವ್ಯತ್ಯಾಸವಿದೆ.

ಹೀಗಾಗಿ ಮ್ಯಾರೆಕ್ಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ತಳಿಯೋ ಲಸಿಕೆಯೋ ಎಂಬ ಪ್ರಶ್ನೆಯನ್ನೇ ಕೈಬಿಡಿ. ಲಸಿಕೆ ಹಾಕಿಸಿಯೇ ತೀರಬೇಕು. ತಳಿಯ ಗುಣ ಅದಕ್ಕೆ ಬೆಂಬಲ. ‘ನಮ್ಮ ತಳಿ ಗಟ್ಟಿ’ ಎಂದು ಹೇಳಿ ಲಸಿಕೆ ಬಿಟ್ಟ ಮರಿ ಎರಡು ರೂಪಾಯಿ ಕಡಿಮೆಗೆ ಸಿಕ್ಕರೂ ಬೇಡ.

ಲಸಿಕೆಯ ಬಲ ಬರಲು ಒಂದೆರಡು ವಾರ ಬೇಕು. ಆ ಅವಧಿಯಲ್ಲಿ ಹಳೆಯ ಕೋಳಿಗಳ ಧೂಳು ಮರಿಗಳ ಮೂಗಿಗೆ ಹೋದರೆ ಹಾಕಿದ್ದು ವ್ಯರ್ಥ. ಮರಿಗಳನ್ನು ಬೆಚ್ಚಗಿಡುವ ಬ್ರೂಡರ್ ಕೋಣೆ ಬೇರೆ ಇರಲಿ, ಹಳೆಯ ಹೊಟ್ಟು ಪೂರ್ತಿ ತೆಗೆದು, ತೊಳೆದು ಒಣಗಿಸಿದ ಮೇಲೆ ಹೊಸ ಭತ್ತದ ಹೊಟ್ಟು ಹಾಸಿ. ದಿನಾ ಮೊದಲು ಮರಿಗಳನ್ನು ನೋಡಿಕೊಂಡು ಆಮೇಲೆ ದೊಡ್ಡ ಕೋಳಿಗಳ ಕಡೆ ಹೋಗಿ.

ಲ್ಯೂಕೋಸಿಸ್: ಇಲ್ಲಿ ಲೆಕ್ಕವೇ ಬೇರೆ

ಲ್ಯೂಕೋಸಿಸ್‌ಗೆ ನಂಬಬಹುದಾದ ಲಸಿಕೆ ಇಲ್ಲ. ಮೊಟ್ಟೆಯೊಳಗೇ ಸೋಂಕು ಹೊತ್ತ ಮರಿಗೆ ಹುಟ್ಟಿದ ಮೇಲೆ ಹಾಕುವ ಯಾವ ಲಸಿಕೆಯೂ ತಡವೇ. ಆದರೆ ತಳಿಯ ಗುಣ ಇಲ್ಲಿ ಮ್ಯಾರೆಕ್ಸ್‌ಗಿಂತ ಎಷ್ಟೋ ಖಚಿತ.

ಈ ವೈರಾಣುವಿನಲ್ಲಿ ಎ, ಬಿ, ಸಿ, ಡಿ, ಇ, ಜೆ ಎಂದು ಉಪಗುಂಪುಗಳಿವೆ (ಈ ಬಿಗೂ ಮೇಲೆ ಹೇಳಿದ ಬಿ ಗೊಂಚಲಿಗೂ ಸಂಬಂಧವಿಲ್ಲ). ಪ್ರತಿಯೊಂದೂ ಕೋಶದ ಹೊರಮೈಯಲ್ಲಿರುವ ನಿರ್ದಿಷ್ಟ ಪ್ರೋಟೀನಿಗೆ ಅಂಟಿಕೊಂಡು ಒಳಗೆ ಹೋಗುತ್ತದೆ. ಎ ಗುಂಪಿಗೆ ಟಿವಿಎ ಜೀನಿನ ಪ್ರೋಟೀನು, ಸಿ ಗುಂಪಿಗೆ ಟಿವಿಸಿ. ಬಿ, ಡಿ, ಇ ಮೂರಕ್ಕೂ ಟಿವಿಬಿ. ಆ ಜೀನ್ ಕೆಟ್ಟು ಪ್ರೋಟೀನು ಅರ್ಧಕ್ಕೇ ನಿಂತುಹೋದ ಕೋಳಿಗಳಿವೆ. ಅವುಗಳ ಕೋಶದಲ್ಲಿ ವೈರಾಣುವಿಗೆ ಬಾಗಿಲೇ ಇಲ್ಲ. ಸೋಂಕೂ ಇಲ್ಲ, ಹರಡುವುದೂ ಇಲ್ಲ.

ಕೇಳಲು ಚೆನ್ನಾಗಿದೆ, ಆದರೆ ಷರತ್ತುಗಳಿವೆ. ಮೊದಲನೆಯದು, ಈ ಗುಣ ಅಡಗಿರುವಂಥದ್ದು: ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕೋಳಿ ಪಾರಾಗುತ್ತದೆ. ಅಂಥ ಹೇಂಟೆಗೆ ಪಕ್ಕದ ಮನೆಯ ಹುಂಜ ಕೂಡಿತೆಂದರೆ, ಅದರಲ್ಲಿ ಆ ಗುಣ ಇಲ್ಲದಿದ್ದಲ್ಲಿ, ಹುಟ್ಟುವ ಮರಿಗಳೆಲ್ಲ ಸೋಂಕಿಗೆ ಒಳಗಾಗಬಲ್ಲವೇ. ಎರಡನೆಯದು, ಎ ಗುಂಪಿಗೆ ತಡೆಯಿದ್ದ ಮಾತ್ರಕ್ಕೆ ಬಿ ಗುಂಪಿಗೆ ತಡೆ ಇದೆ ಅಂತಲ್ಲ. ಮೂರನೆಯದು ಎಲ್ಲಕ್ಕಿಂತ ಕಠಿಣ. ಜೆ ಗುಂಪಿಗೆ ಕೋಳಿಗಳಲ್ಲಿ ಹುಟ್ಟು ತಡೆಯೇ ಕಂಡುಬಂದಿಲ್ಲ.

ಜೆ ಪತ್ತೆಯಾದದ್ದು 1980ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮಾಂಸದ ಕೋಳಿಗಳಲ್ಲಿ. 1990ರ ದಶಕದಲ್ಲಿ ಜಗತ್ತಿನ ಬ್ರಾಯ್ಲರ್ ತಾಯಿ ಹಿಂಡುಗಳಲ್ಲೆಲ್ಲ ಹಬ್ಬಿ ದೊಡ್ಡ ನಷ್ಟ ಮಾಡಿತು. ಪಕ್ಕೆಲುಬಿನ ಒಳಮೈ, ಎದೆಮೂಳೆ, ತಲೆಬುರುಡೆಯ ಮೇಲೆ ಸುಣ್ಣದಂತೆ ಬೆಳ್ಳಗಿನ ಮೆದು ಗಡ್ಡೆಗಳು ಇದರ ಗುರುತು. ಇದು ಒಳಹೋಗಲು ಬಳಸುವ ಪ್ರೋಟೀನಿನಲ್ಲಿ 38ನೇ ಸ್ಥಾನದ ಟ್ರಿಪ್ಟೊಫ್ಯಾನ್ ಎಂಬ ಒಂದೇ ಒಂದು ಅಮೈನೊ ಆಮ್ಲವೇ ನಿರ್ಣಾಯಕ. ಪ್ರಾಗ್ ನಗರದ ಸಂಶೋಧಕರು ಜೀನ್ ತಿದ್ದುವ ಕ್ರಿಸ್ಪರ್ ತಂತ್ರದಿಂದ ಆ ಒಂದನ್ನೇ ತೆಗೆದು ಹಾಕಿದ ಕೋಳಿಗಳನ್ನು ಬೆಳೆಸಿ, ಅವು ಜೆ ಸೋಂಕಿಗೆ ಒಳಗಾಗುವುದಿಲ್ಲ ಎಂದು 2020ರಲ್ಲಿ ತೋರಿಸಿದರು. ತಳಿ ವಿಜ್ಞಾನದಲ್ಲಿ ನನಗೆ ಇಷ್ಟು ಸಂತೋಷ ಕೊಟ್ಟ ಕೆಲಸ ಕಡಿಮೆ: ಕೋಳಿಯ ಉಳಿದೆಲ್ಲ ಹಾಗೇ ಇದೆ, ಒಂದು ಕೊಂಡಿ ಮಾತ್ರ ಕಳಚಿದೆ. ಆದರೆ ಇಂಥ ಮರಿ ಯಾವ ಹ್ಯಾಚರಿಯಲ್ಲೂ ಮಾರಾಟಕ್ಕಿಲ್ಲ. ‘ಜೀನ್ ತಿದ್ದಿದ ಮರಿ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಲ್ಯೂಕೋಸಿಸ್‌ಗೆ ನಿಮ್ಮ ಕೈಯಲ್ಲಿರುವ ಆಯ್ಕೆ ಯಾವುದು? ಮರಿಯ ತಾಯಿ ಹಿಂಡು. ದೊಡ್ಡ ತಳಿ ಸಂಸ್ಥೆಗಳು ಮೊಟ್ಟೆಯ ಬಿಳಿಲೋಳೆ, ಗುದದ್ವಾರದ ಸ್ರಾವ, ಆಗಷ್ಟೇ ಹುಟ್ಟಿದ ಮರಿಯ ಮೊದಲ ಮಲ ಇವುಗಳಲ್ಲಿ ಪಿ27 ಎಂಬ ವೈರಾಣು ಪ್ರೋಟೀನನ್ನು ಎಲೈಸಾ ಪರೀಕ್ಷೆಯಿಂದ ಹುಡುಕಿ, ಸಿಕ್ಕ ಕೋಳಿಗಳನ್ನು ಪೀಳಿಗೆ ಪೀಳಿಗೆಯಲ್ಲೂ ತೆಗೆದುಹಾಕುತ್ತವೆ. ಜಗತ್ತಿನ ಬಹುಪಾಲು ತಳಿ ಹಿಂಡುಗಳು ಲ್ಯೂಕೋಸಿಸ್‌ನಿಂದ ಪಾರಾದದ್ದು ಈ ತಾಳ್ಮೆಯ ಕೆಲಸದಿಂದಲೇ ಹೊರತು ನಿರೋಧಕ ಜೀನಿನಿಂದಲ್ಲ. ಮರಿ ಕೊಳ್ಳುವಾಗ ‘ತಾಯಿ ಹಿಂಡಿಗೆ ಲ್ಯೂಕೋಸಿಸ್ ಪರೀಕ್ಷೆ ಆಗಿದೆಯೇ, ಯಾವಾಗ, ಕಾಗದ ಇದೆಯೇ?’ ಎಂದು ಕೇಳಿ. ಮ್ಯಾರೆಕ್ಸ್ ಲಸಿಕೆ ಬಗ್ಗೆ ಎಲ್ಲರೂ ಕೇಳುತ್ತಾರೆ, ಇದನ್ನು ಕೇಳುವವರು ತೀರಾ ವಿರಳ.

ಎರಡು ಗುಣ ಅಡ್ಡ ಬರುವ ಕಡೆ

ಗರಿ ನೋಡಿ ಹೆಣ್ಣು ಗಂಡು ಬೇರ್ಪಡಿಸಬಹುದಾದ ಮರಿ ಎಂದರೆ ಹ್ಯಾಚರಿಗೆ ಅನುಕೂಲ. ಅದಕ್ಕಾಗಿ ಗರಿ ತಡವಾಗಿ ಮೂಡುವ ಗುಣವಿರುವ ತಾಯಿ ಸಾಲು ಬೇಕು. ಲೆಗ್‌ಹಾರ್ನ್ ಸಾಲುಗಳಲ್ಲಿ ಆ ಗುಣದ ಪಕ್ಕದಲ್ಲೇ ಇವಿ21 ಎಂಬ ಹಳೆಯ ವೈರಾಣುವಿನ ನಕಲು ಕೋಳಿಯ ವರ್ಣತಂತುವಿನಲ್ಲೇ ಸೇರಿಕೊಂಡಿದೆ. ಅದು ಗಡ್ಡೆ ತರುವುದಿಲ್ಲ. ಆದರೆ ಲ್ಯೂಕೋಸಿಸ್ ವೈರಾಣುವನ್ನು ಹೋಲುವುದರಿಂದ, ಅದಕ್ಕೆ ಒಗ್ಗಿಹೋದ ಮರಿಯ ಮೈ ಹೊರಗಿನಿಂದ ಬರುವ ನಿಜವಾದ ಲ್ಯೂಕೋಸಿಸ್ ವೈರಾಣುವಿನ ಎದುರೂ ಸುಮ್ಮನಿದ್ದುಬಿಡುತ್ತದೆ. 1980ರ ದಶಕದಲ್ಲಿ ಇಂಥ ಸಾಲುಗಳಲ್ಲಿ ಸೋಂಕೂ ಸಾವೂ ಹೆಚ್ಚಿ ಇದು ಬೆಳಕಿಗೆ ಬಂತು. ತಾಯಿ ಹಿಂಡು ಲ್ಯೂಕೋಸಿಸ್‌ನಿಂದ ಮುಕ್ತವಾಗಿದ್ದರೆ ತೊಂದರೆಯಿಲ್ಲ.

ಇನ್ನೊಂದು: ಎಸ್‌ಬಿ1ನಂಥ, ಗಡ್ಡೆ ತರದ ಕೋಳಿ ಹರ್ಪಿಸ್ ವೈರಾಣುವಿನಿಂದ ಮಾಡಿದ ಎರಡನೇ ಮಾದರಿಯ ಮ್ಯಾರೆಕ್ಸ್ ಲಸಿಕೆ, ಲ್ಯೂಕೋಸಿಸ್ ಸೋಂಕಿರುವ ಕೆಲವು ತಳಿ ಸಾಲುಗಳಲ್ಲಿ ಲ್ಯೂಕೋಸಿಸ್ ಗಡ್ಡೆಗಳನ್ನು ಹೆಚ್ಚಿಸಿದ್ದು ಪ್ರಯೋಗಗಳಲ್ಲಿ ಕಂಡಿದೆ. ಇದಕ್ಕೆ ಹೆದರಿ ಲಸಿಕೆ ಬಿಡಬೇಕಾಗಿಲ್ಲ. ಲ್ಯೂಕೋಸಿಸ್ ಪರೀಕ್ಷೆಯ ಕಾಗದ ಕೇಳಲು ಇದು ಮತ್ತೊಂದು ಕಾರಣ.

ನಿಮ್ಮ ಪರಿಸ್ಥಿತಿಗೆ ಯಾವುದು?

ಹ್ಯಾಚರಿಯಿಂದ ಲೇಯರ್ ಮರಿ ತರುವವರು ತಳಿಯ ಜೀನಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಆ ಆಯ್ಕೆ ನಿಮಗಿಂತ ಎಷ್ಟೋ ಪೀಳಿಗೆ ಮೊದಲೇ ನಡೆದಿರುತ್ತದೆ. ಮ್ಯಾರೆಕ್ಸ್‌ಗೆ ಹಾಕಿದ್ದು ಎಚ್‌ವಿಟಿ ಮಾತ್ರವೋ, ಜೊತೆಗೆ ಬೇರೆಯದೂ ಇದೆಯೋ ಎಂದು ವಿಚಾರಿಸಿ. ಹಿಂದಿನ ತಂಡಕ್ಕೆ ಎಚ್‌ವಿಟಿ ಹಾಕಿದ್ದರೂ ಮ್ಯಾರೆಕ್ಸ್ ದೃಢಪಟ್ಟಿದ್ದರೆ, ಮುಂದಿನ ತಂಡಕ್ಕೆ ರಿಸ್ಪೆನ್ಸ್ ಅಥವಾ ಜೋಡಿ ಲಸಿಕೆ ಹಾಕಿದ ಮರಿಯನ್ನೇ ತನ್ನಿ.

ಗಿರಿರಾಜ, ಸ್ವರ್ಣಧಾರಾ, ವನರಾಜ, ಗ್ರಾಮಪ್ರಿಯದಂಥ ಹಿತ್ತಿಲ ತಳಿಗಳನ್ನು ತರುವವರು ಹೆಬ್ಬಾಳ, ಹೆಸರಘಟ್ಟದಂಥ ಸರ್ಕಾರಿ ಕೇಂದ್ರದಿಂದಲೋ ಅವರಿಂದ ತಾಯಿ ಕೋಳಿ ಪಡೆದವರಿಂದಲೋ ತನ್ನಿ. ಸಂತೆಯಲ್ಲಿ ಅದೇ ಬಣ್ಣದ, ಅದೇ ಹೆಸರು ಹೇಳುವ ಮರಿ ಕಡಿಮೆಗೆ ಸಿಗಬಹುದು. ಅದರ ತಾಯಿ ಯಾರು, ಲಸಿಕೆ ಹಾಕಿದ್ದು ಯಾವಾಗ ಎಂದು ಹೇಳುವವರು ಅಲ್ಲಿರುವುದಿಲ್ಲ. ಈ ತಳಿಗಳು ನಮ್ಮ ಬಿಸಿಲಿಗೆ, ಮೇಯುವ ಬದುಕಿಗೆ ಒಗ್ಗುತ್ತವೆ. ಅದನ್ನು ಮ್ಯಾರೆಕ್ಸ್ ತಡೆ ಎಂದು ತಿಳಿಯಬಾರದು.

ಕಷ್ಟ ಇರುವುದು ಸ್ವಂತ ಇನ್‌ಕ್ಯುಬೇಟರ್ ಇಟ್ಟುಕೊಂಡವರಿಗೆ. ಅರವತ್ತು ಮರಿ ಹೊರಬಂದ ದಿನ ಸಾವಿರ ಡೋಸಿನ ಬಾಟಲಿ ಒಡೆಯಲು ಮನಸ್ಸು ಬರುವುದಿಲ್ಲ. ಒಡೆಯಲೇಬೇಕು, ಉಳಿದದ್ದನ್ನು ಚೆಲ್ಲಲೇಬೇಕು. ನಾಳೆಗೆ ಫ್ರಿಜ್ಜಿನಲ್ಲಿಟ್ಟ ಕಲಸಿದ ಲಸಿಕೆ ಬರೀ ನೀರು. ಮೊಟ್ಟೆಗಳನ್ನು ಕೂಡಿಟ್ಟು ದೊಡ್ಡ ತಂಡವಾಗಿ ಮರಿ ಮಾಡಿದರೆ ಖರ್ಚು ಹಂಚಿಹೋಗುತ್ತದೆ. ಸೂಜಿಯನ್ನು ಆಗಾಗ ಬದಲಿಸಿ, ಲ್ಯೂಕೋಸಿಸ್ ಸೂಜಿಯ ಮೂಲಕವೂ ಮರಿಯಿಂದ ಮರಿಗೆ ದಾಟಬಲ್ಲದು.

ತಳಿ ಆರಿಸಿ ಗಟ್ಟಿ ಮಾಡುವ ಆಸೆಯೂ ಇವರಿಗೇ ಹೆಚ್ಚು. ಮಾಡಬಹುದು, ಆದರೆ ಬದುಕುಳಿದ ಕೋಳಿಯನ್ನಷ್ಟೇ ನೋಡಿ ಆರಿಸಿದರೆ ಫಲ ಕಡಿಮೆ. ಹಟ್ ಮಾಡಿದಂತೆ ಕುಟುಂಬದ ಲೆಕ್ಕ ಇಡಬೇಕು: ಪ್ರತಿ ಹುಂಜದ ಮರಿಗಳಿಗೆ ಬೇರೆ ಬಣ್ಣದ ಕಾಲುಂಗುರ ಹಾಕಿ, 30 ವಾರದವರೆಗೆ ಯಾವ ಹುಂಜದ ಮಕ್ಕಳು ಎಷ್ಟು ಸತ್ತವು ಎಂದು ಬರೆದಿಡಿ, ಸಾವು ಹೆಚ್ಚಿರುವ ಹುಂಜವನ್ನು ತೆಗೆಯಿರಿ. ಎಲ್ಲಕ್ಕೂ ಲಸಿಕೆ ಬಿದ್ದಿರುವುದರಿಂದ ತಳಿಯ ವ್ಯತ್ಯಾಸ ಮಸುಕಾಗಿ ಕಾಣುತ್ತದೆ. ಆದರೂ ವ್ಯತ್ಯಾಸ ನೋಡುವ ಆಸೆಗೆ ಲಸಿಕೆ ನಿಲ್ಲಿಸುವುದು ಬೇಡ, ಅದು ಪ್ರಯೋಗಾಲಯದವರ ಕೆಲಸ.

ಲ್ಯೂಕೋಸಿಸ್ ದೃಢಪಟ್ಟರೆ ಆ ಹಿಂಡಿನಿಂದ ಮರಿ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ. ಈ ವೈರಾಣುಗಳು ಮನುಷ್ಯರಿಗೆ ಕಾಯಿಲೆ ತರುತ್ತವೆ ಎಂಬುದಕ್ಕೆ ಆಧಾರವಿಲ್ಲ, ಹಾಗಾಗಿ ಆರೋಗ್ಯವಾಗಿರುವ ಕೋಳಿಗಳ ಮೊಟ್ಟೆಯನ್ನು ತಿನ್ನಲು ಮಾರಬಹುದು. ಗಡ್ಡೆ ಕಂಡ ಕೋಳಿಯ ಮಾಂಸ ಬಳಸಬೇಡಿ, ಆಳದ ಗುಂಡಿಗೆ ಸುಣ್ಣ ಹಾಕಿ ಹೂಳಿ. ಶೆಡ್ ಖಾಲಿಯಾದ ಮೇಲೆ ಹೊಸ ಮರಿಗಳನ್ನು ಪರೀಕ್ಷೆಯಾದ ತಾಯಿ ಹಿಂಡಿನಿಂದಲೇ ತನ್ನಿ. ಅಲ್ಲಿಯವರೆಗೆ ನೆಂಟರೋ ನೆರೆಯವರೋ ‘ನಿಮ್ಮ ಜಾತಿ ಕೋಳಿಯ ಕಾವು ಮೊಟ್ಟೆ ಕೊಡಿ’ ಎಂದು ಕೇಳಿದರೆ, ಬೇಸರವಾದರೂ ಇಲ್ಲ ಅನ್ನಿ.